ಮೊಣಕಾಲು ನೋವು ಅಂತ ಹೋದರೆ ತೂಕ ಇಳಿಸಿ ಅಂತಾರೆ, ಇವರಿಗೆ ಯಾರೂ ಕಲಿಸುವುದಿಲ್ಲವೇ?

ನಿಮ್ಮ ಅಕ್ಕನ ಮೊಣಕಾಲನ್ನು ಮುಟ್ಟಿಯೂ ನೋಡದೆ ‘ಮೊದಲು ತೂಕ ಇಳಿಸಮ್ಮ’ ಅಂದು ಕಳಿಸಿದರು, ಅಂದಿನಿಂದ ಆಸ್ಪತ್ರೆ ಅಂದರೇ ಅವರು ಬೇಡ ಅನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ಹನ್ನೊಂದು ವರ್ಷ ಓಪಿಡಿಯಲ್ಲಿ ನರ್ಸ್ ಆಗಿದ್ದೆ, ಈಗ ನರ್ಸಿಂಗ್ ಓದುವವರಿಗೆ ಪಾಠ ಮಾಡುತ್ತೇನೆ. ನನಗಂತೂ ಯಾರೂ ಕಲಿಸಿರಲಿಲ್ಲ.

ಆಗ ನಮ್ಮ ತೂಕದ ಯಂತ್ರ ಇದ್ದದ್ದು ಕಾರಿಡಾರಿನಲ್ಲಿ, ರೋಗಿಗಳು ಕೂರುವ ಬೆಂಚಿನ ಎದುರಿಗೇ. ನಾನು ತೂಕ ನೋಡಿ ಕೂಗುತ್ತಿದ್ದೆ, ಟೇಬಲ್ ಹತ್ತಿರ ಕೂತವರು ಚೀಟಿಯಲ್ಲಿ ಬರೆಯುತ್ತಿದ್ದರು. ಒಂದು ದಿನ ಒಬ್ಬ ಹೆಂಗಸು ಯಂತ್ರದ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ‘ಸಿಸ್ಟರ್, ನನ್ನದು ಮೆಲ್ಲಗೆ ಹೇಳಿ’ ಅಂದರು. ಹೂಂ ಅಂದೆ. ಆದರೆ ರೂಢಿ, ಕೂಗಿಯೇ ಬಿಟ್ಟೆ. ಬೆಂಚಿನಲ್ಲಿ ಯಾರೋ ನಕ್ಕರು. ಆಕೆ ಚೀಟಿ ಹಿಡಿದು ಡಾಕ್ಟರ ಕೋಣೆಯತ್ತ ಹೋಗಲಿಲ್ಲ, ಗೇಟಿನತ್ತ ನಡೆದರು. ಯಾವ ತೊಂದರೆಗೆ ಬಂದಿದ್ದರು ಅನ್ನುವುದು ನಮಗೆ ಗೊತ್ತಾಗಲೇ ಇಲ್ಲ. ಇಂದಿಗೂ ಅದು ನನ್ನನ್ನು ಕೊರೆಯುತ್ತದೆ.

ಹಾಗಾಗಿ ನನ್ನ ಮೊದಲ ಪಾಠ ಬಿಪಿ ಕಫ್‌ನದು. ದಪ್ಪ ತೋಳಿಗೆ ಮಾಮೂಲಿ ಕಫ್ ಸುತ್ತಿ ಗಾಳಿ ತುಂಬಿದರೆ ಅಂಟುಪಟ್ಟಿ ಪರ್ರನೆ ಬಿಚ್ಚಿಕೊಳ್ಳುತ್ತದೆ. ‘ನಿಮ್ಮ ಕೈ ದಪ್ಪ’ ಅನ್ನುವ ಮಾತು ತಟ್ಟನೆ ಬಾಯಿಗೆ ಬರುತ್ತದೆ. ‘ಈ ಕಫ್ ಚಿಕ್ಕದಾಯ್ತು, ದೊಡ್ಡದು ತರ್ತೀನಿ’ ಅನ್ನಿ ಅಂತ ಮಕ್ಕಳಿಂದ ಹತ್ತು ಸಲ ಹೇಳಿಸುತ್ತೇನೆ. ಹೇಗೋ ಬಿಗಿದು ಚಿಕ್ಕದರಲ್ಲೇ ನೋಡಿದರೆ ಬಿಪಿ ಜಾಸ್ತಿ ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎಲ್ಲಕ್ಕಿಂತ ದೊಡ್ಡ ಕಫ್ ಬೇಕಿದ್ದವರಿಗೆ ಮಾಮೂಲಿಯದನ್ನು ಹಾಕಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚು ಬಂದಿತ್ತು. ಇಲ್ಲದ ಬಿಪಿಗೆ ಮಾತ್ರೆ ಶುರುವಾಗಲು ಅಷ್ಟು ಸಾಕು.

ಎರಡನೆಯದು, ‘ಬಾಯಿ ಕಟ್ಟಿದರೆ ಇಳಿಯುತ್ತದೆ’ ಅನ್ನುವ ನಂಬಿಕೆ. ತೂಕ ಇಳಿದಾಗ ಹೊಟ್ಟೆ ತುಂಬಿತು ಅಂತ ತಿಳಿಸುವ ಲೆಪ್ಟಿನ್ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ಒಂದು ವರ್ಷ ಕಳೆದರೂ ಈ ಏರುಪೇರು ಉಳಿದದ್ದನ್ನು 2011ರಲ್ಲೇ ತೋರಿಸಿದ್ದಾರೆ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಮೈ ಬರುತ್ತದೆ. ನಾವೇ ಕೊಟ್ಟ ಮಾತ್ರೆಗೆ ನಾವೇ ರೋಗಿಯನ್ನು ಬೈಯುವುದು ಯಾವ ನ್ಯಾಯ?

ತರಬೇತಿ ಇಲ್ಲವೇ ಇಲ್ಲ ಅನ್ನಲಾರೆ. 2019ರ ಬ್ಯಾಚಿನಿಂದ ಎಂಬಿಬಿಎಸ್‌ನಲ್ಲಿ ನಡತೆ, ನೀತಿ, ರೋಗಿಯೊಡನೆ ಮಾತುಕತೆ ಕಲಿಸುವ ‘ಏಟ್‌ಕಾಂ’ ಸೇರಿದೆ. ದಪ್ಪಗಿರುವ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸಲು ಅದು ಒಳ್ಳೆಯ ಜಾಗ. ಬೊಜ್ಜಿನ ಚಿಕಿತ್ಸೆ ಕುರಿತ ಕೆನಡಾದ 2020ರ ಮಾರ್ಗಸೂಚಿಯ ಮೊದಲ ಹೆಜ್ಜೆಯೇ ರೋಗಿಯ ಒಪ್ಪಿಗೆ ಕೇಳುವುದು. ‘ತೂಕದ ವಿಚಾರ ಮಾತಾಡಬಹುದಾ?’ ಅಂತ ಕೇಳಬೇಕು, ‘ಇವತ್ತು ಬೇಡ’ ಅಂದರೆ ಬಿಟ್ಟು, ಬಂದ ತೊಂದರೆ ನೋಡಬೇಕು. ಈ ‘ಬೇಡ’ವನ್ನು ಒಪ್ಪಿಕೊಳ್ಳುವುದನ್ನು ಕಲಿಸುವುದೇ ಕಷ್ಟ.

ಅಕ್ಕನ ಮೊಣಕಾಲಿಗೂ ತೂಕಕ್ಕೂ ಸಂಬಂಧವೇ ಇಲ್ಲ ಅನ್ನುತ್ತಿಲ್ಲ. ಸವೆತವೇ ಆಗಿದ್ದರೆ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಆದರೆ ಸವೆತವೋ, ಒಳಗೆ ಏನಾದರೂ ಹರಿದಿದೆಯೋ, ಸಂಧಿವಾತವೋ ಅನ್ನುವುದು ಮುಟ್ಟಿ ನೋಡದೆ ತಿಳಿಯದು.

ಈ ಸಲ ನೀವೂ ಜೊತೆಗೆ ಹೋಗಿ. ಯಂತ್ರದ ಹತ್ತಿರ ‘ಬರೆದುಕೊಳ್ಳಿ ಸಿಸ್ಟರ್, ಕೂಗಬೇಡಿ’ ಅನ್ನಿ. ಒಳಗೆ ಹೋದ ಮೇಲೆ ಅಕ್ಕ ಕೇಳಲಿ: ‘ತೆಳ್ಳಗಿರುವವರಿಗೆ ಇದೇ ನೋವು ಬಂದಿದ್ದರೆ ಏನೇನು ಪರೀಕ್ಷೆ ಮಾಡ್ತಿದ್ರಿ ಡಾಕ್ಟ್ರೇ? ನನಗೂ ಅದನ್ನೇ ಮಾಡಿ.’