ಟಿಡಿಎಸ್ 300 ಇದ್ದರೆ ಮಗುವಿಗೆ ಆ ನೀರು ಕೊಡಬಹುದೇ?

ನಲವತ್ತು ಮನೆಗಳಿಗೆ ಒಂದೇ ಕೊಳವೆಬಾವಿ, ನಲ್ಲಿ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಮೀಟರಿನಲ್ಲಿ 300, ಹಸುಗೂಸಿನ ಹಾಲಿನ ಪುಡಿಗೆ ಕುದಿಸಿ ಬಳಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಮೀಟರೊಂದನ್ನೇ ನಂಬಿ ನಿರ್ಧರಿಸಬೇಡಿ. ಅದು ಹೇಳುವುದು ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ. ನೀರಿನಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಇದ್ದರೂ, ವಿಷಕಾರಿ ಆರ್ಸೆನಿಕ್ ಇದ್ದರೂ ಅದೇ 300 ತೋರಿಸೀತು.

ನನಗೆ ಹೆಚ್ಚು ಆತಂಕ ನೈಟ್ರೇಟಿನದು. ಗೊಬ್ಬರದಿಂದ, ಶೌಚಗುಂಡಿಯಿಂದ ಅಂತರ್ಜಲಕ್ಕೆ ಇಳಿಯುತ್ತದೆ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೆಚ್ಚಾದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡ್ ಕೂಡ ಹಾಗೆಯೇ (ಮಿತಿ ಲೀಟರಿಗೆ 1.5 ಮಿಲಿಗ್ರಾಂ).

ಹಾಗಾಗಿ ಪ್ರಯೋಗಾಲಯದಲ್ಲೇ ಪರೀಕ್ಷಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರು ಕೊಡುವ ಬಾಟಲಿಯಲ್ಲೇ ನೀರು ಹಿಡಿದು, ತಂಪಾಗಿಟ್ಟು, ಅಂದೇ ತಲುಪಿಸಿ. ಟ್ಯಾಂಕಿನಿಂದ ಅತಿ ದೂರದ ಮನೆಯ ನಲ್ಲಿಯಿಂದಲೂ ಒಂದು ಮಾದರಿ ಕಳಿಸಿ, ಪೈಪಿನ ಸೋರಿಕೆಯಲ್ಲಿ ನುಗ್ಗಿದ ಕೊಳೆ ಬಾವಿಯ ಬಳಿ ತೆಗೆದ ಮಾದರಿಯಲ್ಲಿ ಗೊತ್ತಾಗುವುದಿಲ್ಲ. ವರದಿ ಬರುವವರೆಗೆ ಮಗುವಿಗೆ ಈ ನೀರು ಬೇಡ, ಪರೀಕ್ಷೆಯಾದ ಬೇರೆ ಮೂಲದ ನೀರನ್ನೇ ಕುದಿಸಿ ಬಳಸಿ.