ಸ್ಟಾರ್ಟಪ್ ಶುರು ಮಾಡೋಕೆ ಬೆಂಗಳೂರಿಗೇ ಬರಬೇಕಾ?

ಊರು ದಾವಣಗೆರೆ, ಅಕ್ಕಿ ಗಿರಣಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡ್ತೀನಿ, ಬೆಂಗಳೂರಲ್ಲಿ ಮನೆ ಮಾಡಲೇಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ ಅಂತೀನಿ. ನಾನು ಮಾಡಿ ಕೈ ಸುಟ್ಟುಕೊಂಡವನು.

2019ರಲ್ಲಿ ಹುಬ್ಬಳ್ಳಿಯಿಂದ ಹೋಗಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮನೆ ಹಿಡಿದೆ. ಬಾಡಿಗೆ 20 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು. ಅಂದರೆ ಒಂದು ಸಾಲು ಕೋಡ್ ಬರೆಯೋ ಮೊದಲೇ 2 ಲಕ್ಷ ಓನರ್ ಹತ್ತಿರ ಕೂತಿತು. ನಮ್ಮ ಆ್ಯಪ್ ಇದ್ದದ್ದು ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ. ಬೆಂಗಳೂರಿನ ಕಾಫಿ ಶಾಪಿನಲ್ಲಿ ಕೂತು ಚೆಂದದ ಸ್ಕ್ರೀನ್ ಮಾಡಿದೆವು, ಮಾರಾಟಕ್ಕೆ ಬಂದ ಪ್ರತಿ ಮೆಣಸಿನಕಾಯಿ ರಾಶಿಗೂ ಫೋಟೋ ತೆಗೆಯಬೇಕು ಅಂತ ಬೇರೆ ಇಟ್ಟೆವು.

ದುಡ್ಡು ಮುಗಿಯುತ್ತಾ ಬಂದಾಗ ಊರಿಗೆ ವಾಪಸ್ ಬಂದು, ರೈಲು ಹತ್ತಿ ಬ್ಯಾಡಗಿಗೆ ಹೋಗಿ ಒಂದು ಅಂಗಡಿಯಲ್ಲಿ ಸುಮ್ನೆ ಕೂತೆ. ಸೀನಿ ಸೀನಿ ಸಾಕಾಯ್ತು. ಗುಮಾಸ್ತರ ಬೆರಳೆಲ್ಲ ಕೆಂಪು. ಆ ಕೈಯಲ್ಲಿ ಫೋನ್ ಮುಟ್ಟೋಕೆ ಅವರಿಗೆ ಮನಸ್ಸಿಲ್ಲ. ಪೆನ್ನಿನ ಹಿಂಭಾಗದಿಂದ ಒಂದೊಂದೇ ಅಂಕಿ ಒತ್ತುತ್ತಿದ್ದರು, ಅದೂ ತಪ್ಪು ಬಟನ್ ಮೇಲೆ. ಫೋಟೋ ಕೇಳಿದ ಕೂಡಲೇ ಫೋನ್ ಮಗುಚಿಟ್ಟು ಚೀಟಿ ಬರೆದರು! ಅವತ್ತು ರಾತ್ರಿಯೇ ಫೋಟೋ ತೆಗೆದುಹಾಕಿ, ಬಟನ್ ದೊಡ್ಡದು ಮಾಡಿದೆವು. ಹದಿನಾಲ್ಕು ತಿಂಗಳು ಬೆಂಗಳೂರಲ್ಲಿದ್ದು ಇಷ್ಟು ಗೊತ್ತಾಗಿರಲಿಲ್ಲ ನೋಡಿ.

ನಿಮ್ಮ ಗಿರಾಕಿಗಳು ಗಂಗಾವತಿ, ಸಿಂಧನೂರು ಕಡೆ ಜಾಸ್ತಿ ಅಲ್ವಾ? ಮನೆ ದಾವಣಗೆರೆಯಲ್ಲೇ ಇರಲಿ, ಆದರೆ ಸುಗ್ಗಿ ಹೊತ್ತಲ್ಲಿ ಗಂಗಾವತಿಯಲ್ಲಿ ಒಂದು ರೂಮ್ ಮಾಡಿ. ಜಾಗ, ಸಲಹೆ ಬೇಕಿದ್ದರೆ ಹುಬ್ಬಳ್ಳಿಯಲ್ಲಿ ಹೊಸ ಕಂಪನಿಗಳಿಗೆ ನೆರವಾಗೋ ದೇಶಪಾಂಡೆ ಸ್ಟಾರ್ಟಪ್ಸ್ ಅನ್ನೋ ಸಂಸ್ಥೆ ಇದೆ. ಸ್ಟಾರ್ಟಪ್‌ಗಳಿಗೆ ಅಂತಲೇ ಇರೋ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಅದಕ್ಕೆ ಬೆಂಗಳೂರಿನ ವಿಳಾಸವೇ ಬೇಕು ಅಂತೇನಿಲ್ಲ.

ಹಾಗಂತ ಬೆಂಗಳೂರು ಬೇಡವೇ ಬೇಡ ಅನ್ನಲ್ಲ. ಅನುಭವ ಇರೋ ಡೆವಲಪರ್ ಊರಲ್ಲಿ ಸಿಗೋದು ಕಷ್ಟ, ನಮಗೆ ಒಬ್ಬರು ಸಿಗೋಕೆ ಐದು ತಿಂಗಳಾಯ್ತು. ಹೂಡಿಕೆದಾರರೂ ಮುಖ ನೋಡಿಯೇ ಮಾತಾಡ್ತಾರೆ. ಅಂಥ ಕೆಲಸಕ್ಕೆ ಹೋಗಿ ಬನ್ನಿ. ಬೆಳಗಿನ ಮೀಟಿಂಗಿಗೆ ವಂದೇ ಭಾರತ್ ಆಗಲ್ಲ, ರಾತ್ರಿ ಬಸ್ಸೋ ರೈಲೋ ಹಿಡೀಬೇಕು.

ಗಿರಾಕಿಗಳೇ ಬೆಂಗಳೂರಿನ ಕಂಪನಿಗಳಾಗಿದ್ದರೆ ನನ್ನ ಮಾತು ಬಿಟ್ಟುಬಿಡಿ. ಆಗಲೂ ಮೂರು ತಿಂಗಳು ಪಿಜಿಯಲ್ಲಿದ್ದು ನೋಡಿ, ಅಡ್ವಾನ್ಸ್ ಕೊಡೋಕೆ ಅವಸರ ಬೇಡ. ನಾನು ಮನೆ ಬಿಟ್ಟಾಗ ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ಉಳಿದದ್ದು ಕೊಟ್ಟರು.