ತಟ್ಟೆಯಲ್ಲೊಂದು ಗುಡ್ಡ ಮಾಡಿ, ನೀರು ಸುರಿಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ಪಾಠದ ಸುತ್ತ ಇದ್ದವು: ನೈಸರ್ಗಿಕ ವಿಪತ್ತುಗಳು. ಮಳೆಗಾಲ ಅಲ್ವಾ, ಸಹಜ. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಈ ಪಾಠ ಬಂದಾಗಲೆಲ್ಲ ‘ನೋಟ್ಸ್ ಕೊಡಿ ಸಾರ್’ ಅನ್ನುವ ಮಾತನ್ನೇ ಮೊದಲು ಕೇಳಿದ್ದೇನೆ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ‘ಭೂಕುಸಿತಕ್ಕೆ ಕಾರಣಗಳೇನು?’ ಅಂದರೆ ಮಕ್ಕಳು ನಾಲ್ಕು ಪಾಯಿಂಟ್ ಬರೆದು ಪೂರ್ತಿ ಅಂಕ ತಗೊಳ್ಳುತ್ತಾರೆ. ಶಾಲೆಯ ಹಿಂದಿನ ಧರೆ ಹೋದ ವರ್ಷ ಯಾಕೆ ಜರಿಯಿತು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹೇಗೆ ಕಲಿಸಲಿ? — ಯಲ್ಲಾಪುರ ತಾಲ್ಲೂಕು

ಉತ್ತರ: ಆ ಧರೆಯಿಂದಲೇ ಪಾಠ ಶುರು ಮಾಡಿ ಮೇಡಂ. ಪುಸ್ತಕ ಆಮೇಲೆ ತೆಗೆಯಿರಿ. ಮೊದಲ ದಿನ ‘ಭೂಕುಸಿತ’ ಅನ್ನುವ ಪದವೂ ಬೇಡ. ಧರೆ ಕುಸಿಯಿತು, ಗುಡ್ಡ ಜರಿಯಿತು ಅಂತ ಮಕ್ಕಳು ಮನೆಯಲ್ಲಿ ಕೇಳಿರುತ್ತಾರಲ್ಲ, ಅದೇ ಸಾಕು.

ಬಿಸಿಯೂಟದ ಅಡುಗೆಮನೆಯಿಂದ ಎರಡು ದೊಡ್ಡ ತಟ್ಟೆ ಕೇಳಿ ತನ್ನಿ. ಎರಡರಲ್ಲೂ ಅದೇ ಧರೆಯ ಮಣ್ಣಿನಿಂದ ಒಂದೇ ಎತ್ತರದ ಗುಡ್ಡ ಮಾಡಿಸಿ. ತುದಿಯಲ್ಲಿ ಒಂದು, ಬುಡದಲ್ಲಿ ಒಂದು ಬೆಂಕಿಪೊಟ್ಟಣ ಇಡಿ. ಅವೇ ಮನೆಗಳು. ಈಗ ಒಂದು ಗುಡ್ಡದ ಬುಡವನ್ನು ಸ್ಕೇಲಿನಿಂದ ನೆಟ್ಟಗೆ ಕತ್ತರಿಸಿ, ರಸ್ತೆಗೆ ಜೆಸಿಬಿ ಕಡಿಯುತ್ತದಲ್ಲ ಹಾಗೆ. ನೀರಿನ ಬಾಟಲಿಯ ಮುಚ್ಚಳಕ್ಕೆ ಏಳೆಂಟು ತೂತು ಮಾಡಿ, ಎರಡಕ್ಕೂ ಲೆಕ್ಕ ಹಾಕಿ ಅಷ್ಟಷ್ಟೇ ನೀರು ಬಿಡಿ. ಯಾವುದು ಮೊದಲು ಬೀಳುತ್ತದೆ ಅಂತ ಬೀಳುವ ಮೊದಲೇ ಮಕ್ಕಳು ಬರೆದಿಡಬೇಕು.

ನನ್ನ ತರಗತಿಯಲ್ಲಿ ಒಮ್ಮೆ ಕತ್ತರಿಸದ ಗುಡ್ಡವೇ ಮೊದಲು ಬಿತ್ತು! ಹುಡುಗರೆಲ್ಲ ನಕ್ಕರು. ನನಗೆ ಮುಜುಗರ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ಅದರ ಮಣ್ಣನ್ನ ನಾವು ಸುಮ್ನೆ ಸುರಿದಿದ್ವಿ, ಇದನ್ನ ತಟ್ಟಿದ್ವಿ’ ಅಂದಳು. ಆ ವರ್ಷದ ಒಳ್ಳೆಯ ಪಾಠ ಅದೇ. ರಸ್ತೆ ಮಾಡುವಾಗ, ಸೈಟು ಸಮ ಮಾಡುವಾಗ ಪಕ್ಕಕ್ಕೆ ತಳ್ಳಿದ ಸಡಿಲ ಮಣ್ಣು ಮಳೆಗೆ ಮೊದಲು ಜಾರುವುದು ಯಾಕೆ ಅಂತ ಮತ್ತೆ ವಿವರಿಸಬೇಕಾಗಲಿಲ್ಲ.

ಒಳಗೆ ಆಗುವುದು ಇಷ್ಟು. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುತ್ತವೆ. ನೀರು ಇಳಿದಂತೆ ಗುಡ್ಡದ ತೂಕ ಏರುತ್ತದೆ. ಕಣಗಳ ಸಂದಿಯ ನೀರು ಅವನ್ನು ದೂರ ತಳ್ಳಿ ಹಿಡಿತ ಬಿಡಿಸುತ್ತದೆ. ಕೆಳಗಿನಿಂದ ತಡೆದು ನಿಂತ ಬುಡವನ್ನು ಮೊದಲೇ ಕಡಿದಿದ್ದರೆ ಇನ್ನು ಹಿಡಿಯುವವರು ಯಾರು? ಕರಾವಳಿ ಕಡೆ ಇನ್ನೊಂದು ತಾಪತ್ರಯ ಇದೆ. ಮೇಲೆ ಗಟ್ಟಿ ಚಿರೆಕಲ್ಲು, ಅದರಡಿ ಶೇಡಿ ಅನ್ನುವ ಜೇಡಿಯಂಥ ಮಣ್ಣು. ಒಣಗಿದ್ದಾಗ ಶೇಡಿ ಗಟ್ಟಿಯಾಗೇ ಕಾಣುತ್ತದೆ. ನೆನೆದರೆ ಕೈಯಲ್ಲಿ ನಿಲ್ಲುವುದಿಲ್ಲ. ಒಂದು ಹೆಂಟೆ ತಂದು ಲೋಟದ ನೀರಲ್ಲಿ ಹಾಕಿ ತೋರಿಸಿ, ಸಾಕು.

ಇಷ್ಟಾದ ಮೇಲೆ ಶಿರೂರಿನ ಕತೆ ಹೇಳಿ. ಅಂಕೋಲಾ ತಾಲ್ಲೂಕು, 16 ಜುಲೈ 2024ರ ಬೆಳಿಗ್ಗೆ. ರಾಷ್ಟ್ರೀಯ ಹೆದ್ದಾರಿ 66ಕ್ಕಾಗಿ ಕಡಿದಿದ್ದ ಗುಡ್ಡ ಜರಿದು ರಸ್ತೆ ಪಕ್ಕದ ಚಹಾ ಅಂಗಡಿ, ವಾಹನಗಳು, ಜನ ಎಲ್ಲವನ್ನೂ ಗಂಗಾವಳಿ ನದಿಗೆ ನೂಕಿತು. ಅಷ್ಟು ಮಣ್ಣು ಒಮ್ಮೆಲೇ ಬಿದ್ದಾಗ ನದಿಯ ನೀರು ಎದ್ದು ಆಚೆ ದಡದ ಉಳುವರೆ ಊರಿಗೆ ಬಡಿಯಿತು. ಗುಡ್ಡ ಬಿದ್ದದ್ದು ಈಚೆ, ಮನೆ ಹೋದದ್ದು ಆಚೆ ದಡದಲ್ಲೂ. ಗುಡ್ಡದ ಬುಡದಲ್ಲಿ ಇರುವವರಿಗೆ ಮಾತ್ರ ಅಪಾಯ ಅಂದುಕೊಂಡ ಮಕ್ಕಳು ಇಲ್ಲಿ ಬೆಚ್ಚುತ್ತಾರೆ. ನಿಮ್ಮದೇ ತಾಲ್ಲೂಕಿನ ಕಳಚೆಯಲ್ಲಿ ಜುಲೈ 2021ರಲ್ಲಿ ಏನಾಯಿತು ಅನ್ನುವುದನ್ನು ನೀವು ಹೇಳಬೇಡಿ. ಮಕ್ಕಳೇ ಮನೆಯಲ್ಲಿ ಅಜ್ಜನನ್ನೋ ಮಾವನನ್ನೋ ಕೇಳಿಕೊಂಡು ಬರಲಿ.

ಮಳೆ ಬಿಟ್ಟ ದಿನ, ಹೆಡ್‌ಮಾಸ್ಟರಿಗೆ ಹೇಳಿ, ದೂರದಿಂದಲೇ ಗುಡ್ಡ ನೋಡಲು ಕರೆದುಕೊಂಡು ಹೋಗಿ. ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರ ಇದೆಯಾ? ಅಲ್ಲಿ ಮಣ್ಣು ವರ್ಷಗಳಿಂದ ಮೆಲ್ಲಗೆ ಜಾರುತ್ತಿರಬಹುದು. ಕರೆಂಟ್ ಕಂಬ ವಾಲಿದೆಯಾ? ಧರೆಯ ಮೇಲ್ಗಡೆ ಉದ್ದಕ್ಕೆ ಬಿರುಕು ಬಿಟ್ಟಿದೆಯಾ? ಇಲ್ಲದ ಕಡೆ ಹೊಸದಾಗಿ ಒರತೆ ಎದ್ದಿದೆಯಾ, ತಿಳಿಯಾಗಿ ಹರಿಯುತ್ತಿದ್ದ ನೀರು ಕೆಂಪಾಗಿದೆಯಾ? ಮನೆ ಬಾಗಿಲು ಇದ್ದಕ್ಕಿದ್ದಂತೆ ಹಾಕಲು ಬಾರದಂತಾದರೂ ನೆಲ ಸರಿದಿರಬಹುದು. ಎಲ್ಲಕ್ಕಿಂತ ಮುಖ್ಯ ಒಂದಿದೆ. ಜೋರು ಮಳೆಯಲ್ಲಿ ಹಳ್ಳದ ನೀರು ದಿಢೀರನೆ ಕಡಿಮೆಯಾದರೆ ಖುಷಿ ಪಡುವುದಲ್ಲ. ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಹಳ್ಳದ ಪಕ್ಕದಿಂದ ಎತ್ತರದ ಜಾಗಕ್ಕೆ ಹೋಗಿಬಿಡಬೇಕು.

ಇನ್ನು ಮಳೆ ಅಳೆಯುವುದು. ನಮ್ಮ ಮಕ್ಕಳಿಗೆ ರೆಡ್ ಅಲರ್ಟ್ ಅಂದರೆ ‘ಡಿಸಿ ರಜೆ ಕೊಟ್ಟರಾ?’ ಅನ್ನುವುದಷ್ಟೇ ಗೊತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.5 ಅಥವಾ ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು, ಮಳೆ 200 ಮಿಲಿಮೀಟರ್ ಆದರೆ 20,000 ಲೀಟರ್. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ, ಆಮೇಲೆ ಗುಡ್ಡ ಎಷ್ಟು ಅಗಲ ಇದೆ ನೋಡಿ ಅನ್ನಿ. ಬಾಟಲಿ ಕತ್ತರಿಸಿ ಮಾಡಿದ ಮಳೆಮಾಪಕ ಸಾಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ನಿಮ್ಮ ಬಾಟಲಿಯ ಅಂಕಿ ಅವರದಕ್ಕೆ ಹೊಂದುತ್ತದಾ ಅಂತ ನೋಡುವುದೇ ಮಕ್ಕಳಿಗೆ ಒಂದು ಆಟ.

ಪ್ರಶ್ನೆ: ಬರಗಾಲ ನೈಸರ್ಗಿಕ ವಿಪತ್ತಾ, ಪರಿಸರ ಸಮಸ್ಯೆಯಾ? ‘ಎರಡೂ’ ಅಂತ ಬರೆದಿದ್ದಕ್ಕೆ ಟೆಸ್ಟ್‌ನಲ್ಲಿ ಅಂಕ ಕಳೆದಿದ್ದಾರೆ. — 10ನೇ ತರಗತಿ ವಿದ್ಯಾರ್ಥಿ, ಪಾವಗಡ

ಉತ್ತರ: ಅಂಕ ವಾಪಸ್ ಕೊಡಿಸುವುದು ನನ್ನ ಕೈಯಲ್ಲಿಲ್ಲ ಮಗೂ. ಆದರೆ ನೀನು ಬರೆದದ್ದು ಸರಿ.

ನಮ್ಮ ಪುಸ್ತಕಗಳಲ್ಲಿ ವಿಪತ್ತು, ವಿಕೋಪ, ಪ್ರಕೋಪ ಅಂತ ಮೂರು ಪದ ಓಡಾಡುತ್ತವೆ, ಒಂದರ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ನೀನು ಮನೆಮಾತಿನ ಎರಡು ಪದ ಇಟ್ಟುಕೋ: ಅಪಾಯ ಮತ್ತು ಅನಾಹುತ. ಮಳೆ ಕೈಕೊಡುವುದು ಅಪಾಯ. ಮಳೆ ವಾಡಿಕೆಗಿಂತ ಶೇ 26ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಕಡಿಮೆಯಾದರೆ ಹವಾಮಾನ ಇಲಾಖೆ ಬರ ಅನ್ನುತ್ತದೆ. ಶೇ 50 ದಾಟಿದರೆ ತೀವ್ರ ಬರ. ಇದರಲ್ಲಿ ನಿಮ್ಮೂರಿನವರ ಪಾಲು ಏನೂ ಇಲ್ಲ. ಆದರೆ ಕೆರೆಯಲ್ಲಿ ಹೂಳು ತುಂಬಿದೆ, ಬೋರ್‌ವೆಲ್ ಸಾವಿರ ಅಡಿ ಹೋದರೂ ಧೂಳು ಬರುತ್ತದೆ ಅಂದರೆ ಅದು ಒಂದು ವರ್ಷದ ಮಳೆಯ ಕತೆಯಲ್ಲ, ಹಲವು ವರ್ಷಗಳ ಪರಿಸರದ ಕತೆ. ಎರಡೂ ಸೇರಿದಾಗ ಅನಾಹುತ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮಳೆ ಕಮ್ಮಿಯಾದ ಊರುಗಳೆಲ್ಲ ಒಂದೇ ಥರ ಒದ್ದಾಡಿದವಾ? ಕೆರೆ ಇದ್ದ ಊರು, ಇಲ್ಲದ ಊರು ಎರಡನ್ನೂ ಕೇಳಿ ನೋಡು. ಪರೀಕ್ಷೆಯಲ್ಲಿ ಮಾತ್ರ ‘ಎರಡೂ’ ಅಂತ ಬರೆದು ಬಿಡಬೇಡ, ಯಾಕೆ ಅಂತ ಒಂದು ಸಾಲು ಸೇರಿಸು.

ಪ್ರಶ್ನೆ: ಕರ್ನಾಟಕ ಭೂಕಂಪದ ಮಟ್ಟಿಗೆ ಸುರಕ್ಷಿತ ಅಂತ ಮಗಳ ನೋಟ್ಸ್‌ನಲ್ಲಿದೆ. ನಮ್ಮ ಕಡೆ ನೆಲ ಆಗಾಗ ಗುಡುಗುತ್ತದೆ. ಯಾವುದನ್ನು ನಂಬೋಣ? — ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಕಿವಿಯನ್ನೂ ನಂಬಿ, ನಕಾಶೆಯನ್ನೂ ನಂಬಿ. ನೋಟ್ಸ್‌ನ ‘ಸುರಕ್ಷಿತ’ ಅನ್ನುವ ಪದವನ್ನು ಮಾತ್ರ ಹೊಡೆದು ಹಾಕಿ.

ಪಠ್ಯದಲ್ಲಿರುವ ನಕಾಶೆಯಲ್ಲಿ ದೇಶವನ್ನು 2ರಿಂದ 5ರವರೆಗೆ ನಾಲ್ಕು ವಲಯ ಮಾಡಿದ್ದಾರೆ, ಅಂಕಿ ಏರಿದಂತೆ ಭೂಕಂಪದ ಅಪಾಯ ಜಾಸ್ತಿ. ಕರ್ನಾಟಕದ ಬಹುಪಾಲು 2ರಲ್ಲಿದೆ, ಕರಾವಳಿ ಮತ್ತು ಉತ್ತರದ ಕೆಲವು ಭಾಗ 3ರಲ್ಲಿ. ಒಂದನೇ ವಲಯ ಎಲ್ಲಿ ಹೋಯಿತು ಅಂತ ಮಗಳು ಕೇಳಿದ್ದಾಳಾ? ಕೇಳಿದರೆ ಶಹಬ್ಬಾಸ್ ಅನ್ನಿ. ಮೊದಲು ಇತ್ತು. ‘ಇಲ್ಲಿ ಏನೂ ಆಗುವುದಿಲ್ಲ’ ಅನ್ನುವಂಥ ಆ ವಲಯದಲ್ಲೇ ಇತ್ತು ಲಾತೂರ್ ಜಿಲ್ಲೆಯ ಕಿಲ್ಲಾರಿ. ನಿಮ್ಮ ಜಿಲ್ಲೆಗೆ ಎಷ್ಟು ಹತ್ತಿರ ನೋಡಿ. 30 ಸೆಪ್ಟೆಂಬರ್ 1993ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಬಾಕಿ. ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. 10,000ದ ಹತ್ತಿರ ಜನ ಸತ್ತರು. ಕಂಪನದ ತೀವ್ರತೆ 6ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೊಂದದ್ದು ಮನೆಗಳು: ಕೆಸರಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಬಿಸಿಲು ತಡೆಯಲೆಂದು ಹಾಕಿದ ಮಣ್ಣಿನ ಭಾರ. 2002ರಲ್ಲಿ ನಕಾಶೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದು 2ಕ್ಕೆ ಸೇರಿಸಿದರು.

ನಿಮ್ಮ ಕಡೆ ಅಂಥ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ ಅಲ್ವಾ? ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರಲ್ಲಿ ನೆಲ ಮತ್ತೆ ಮತ್ತೆ ನಡುಗಿದಾಗ ಜನ ಒಳಗೆ ಮಲಗಲು ಹೆದರಿದ್ದು ಸುಮ್ಮನೆ ಅಲ್ಲ. ಪ್ರತಿ ವರ್ಷ ಮಾಳಿಗೆ ಮೇಲೆ ಇನ್ನೊಂದು ಪದರ ಮಣ್ಣು ಏರಿಸುವುದನ್ನು ನಿಲ್ಲಿಸಿ. ಮಂಚವನ್ನು ಉಬ್ಬಿದ ಗೋಡೆಯಿಂದ ದೂರ ಎಳೆಯಿರಿ. ಹೊಸ ಗೋಡೆ ಕಟ್ಟಿಸುವಾಗ ಎರಡೂ ಮುಖಗಳನ್ನು ಹಿಡಿಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಹಾಕಲು ಗೌಂಡಿಗೆ ಹೇಳಿ.

ನಕಾಶೆಯನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ಜಪಾನಿನ ಕಮೈಶಿ ಊರಿನ ಮಕ್ಕಳ ಕತೆಯನ್ನು ಮಗಳಿಗೆ ಹೇಳಿ. ಅಲ್ಲಿನ ಅಪಾಯದ ನಕಾಶೆ ಪ್ರಕಾರ ಸುನಾಮಿ ನೀರು ಅವರ ಶಾಲೆಯವರೆಗೆ ಬರಬಾರದಿತ್ತು. ಆದರೆ ‘ನಕಾಶೆಯ ಗೆರೆಯನ್ನೇ ನೆಚ್ಚಿಕೊಂಡು ಕೂರಬೇಡಿ’ ಅಂತ ಅವರಿಗೆ ಮೊದಲೇ ಕಲಿಸಿದ್ದರು. 11 ಮಾರ್ಚ್ 2011ರಂದು ನೆಲ ನಡುಗಿದ್ದೇ ತಡ, ದೊಡ್ಡ ಮಕ್ಕಳು ಗುಡ್ಡದ ಕಡೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯವರು ಮಹಡಿ ಏರಿ ಕೂತಿದ್ದರು. ಇವರು ಓಡುವುದನ್ನು ನೋಡಿ ಅವರೂ ಇಳಿದು ಓಡಿದರು. ಗೊತ್ತುಮಾಡಿದ್ದ ಜಾಗ ತಲುಪಿದ ಮೇಲೂ ಸಾಲದು ಅನ್ನಿಸಿ ಇನ್ನೂ ಮೇಲಕ್ಕೆ ಹೋದರು, ಚಿಕ್ಕವರ ಕೈಹಿಡಿದುಕೊಂಡು. ನೀರು ಎರಡೂ ಶಾಲೆಗಳನ್ನು ಮುಳುಗಿಸಿತು. ಓಡಿದ ಮಕ್ಕಳು ಉಳಿದರು.

ಪ್ರಶ್ನೆ: ವಯನಾಡಿನ ವಿಡಿಯೊ ನೋಡಿದ ಮೇಲೆ ಮಗ ಮಳೆ ಬಂದರೆ ನಿದ್ದೆ ಮಾಡುವುದಿಲ್ಲ. ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಕಲಿಸಲೇಬೇಕಾ? — ಮಡಿಕೇರಿ

ಉತ್ತರ: ವಿಡಿಯೊ ಬೇಡ, ಕಲಿಸುವುದು ಬೇಕು. 30 ಜುಲೈ 2024ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಜರಿದು ಆದದ್ದನ್ನು ಫೋನಿನಲ್ಲಿ ಹತ್ತು ಸಲ ನೋಡಿದರೆ ದೊಡ್ಡವರಿಗೂ ನಿದ್ದೆ ಬರುವುದಿಲ್ಲ. ಅದರಲ್ಲೂ 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ನಿಮ್ಮ ಊರಿನಲ್ಲಿ.

ಮಗನಿಗೆ ‘ಏನೂ ಆಗಲ್ಲ, ಮಲಗು’ ಅನ್ನಬೇಡಿ. ಅವನು ನಂಬುವುದಿಲ್ಲ. ಏನಾದರೂ ಆದರೆ ಏನು ಮಾಡುತ್ತೇವೆ ಅನ್ನುವುದನ್ನು ಹೇಳಿ. ಯಾವ ಬಾಗಿಲಿನಿಂದ ಹೊರಡುವುದು, ಯಾರ ಮನೆಗೆ ಹೋಗುವುದು, ಟಾರ್ಚ್ ಎಲ್ಲಿದೆ, ನಾಯಿಯನ್ನು ಬಿಚ್ಚುವವರು ಯಾರು. ಟಾರ್ಚಿನ ಜವಾಬ್ದಾರಿ ಅವನಿಗೇ ಕೊಡಿ. ಕೈಗೊಂದು ಕೆಲಸ ಸಿಕ್ಕರೆ ಮಕ್ಕಳ ಹೆದರಿಕೆ ಅರ್ಧ ಇಳಿಯುತ್ತದೆ, ಇದು ನಾನು ನೋಡಿದ್ದು.

2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್ ಕಡಲ ತೀರದಲ್ಲಿ ಟಿಲ್ಲಿ ಸ್ಮಿತ್ ಅನ್ನುವ 10 ವರ್ಷದ ಇಂಗ್ಲೆಂಡಿನ ಹುಡುಗಿ ಸಮುದ್ರ ನೊರೆ ನೊರೆಯಾಗುವುದನ್ನು ಕಂಡು ಸುನಾಮಿ ಬರುತ್ತದೆ ಅಂತ ಕೂಗಾಡಿದಳು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಅದನ್ನು ಕಲಿತಿದ್ದಳು. ಅಪ್ಪ ಕಾವಲುಗಾರನಿಗೆ ಹೇಳಿದರು, ತೀರ ಖಾಲಿ ಮಾಡಿಸಿದರು. ಅವಳ ವಯಸ್ಸನ್ನು ನಿಮ್ಮ ಮಗನಿಗೆ ಹೇಳಿ.

ಪ್ರಶ್ನೆ: ವಸ್ತು ಪ್ರದರ್ಶನಕ್ಕೆ ಜ್ವಾಲಾಮುಖಿ ಮಾಡೆಲ್ ಮಾಡಬೇಕು. ಲಾವಾ ಕೆಂಪಗೆ, ಜೋರಾಗಿ ಉಕ್ಕಲು ಏನು ಬೆರೆಸಬೇಕು? — 8ನೇ ತರಗತಿ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಇದು ಬಂದೇ ಬರುತ್ತದೆ ಅಂತ ಗೊತ್ತಿತ್ತು! ನಾನು ತೀರ್ಪುಗಾರನಾಗಿ ಹೋದ ಪ್ರದರ್ಶನಗಳಲ್ಲಿ ಜ್ವಾಲಾಮುಖಿ ಇಲ್ಲದ ಒಂದೂ ಇಲ್ಲ. ದೇಶದಲ್ಲಿ ಸಕ್ರಿಯವಾಗಿರುವುದು ಅಂಡಮಾನಿನ ಬ್ಯಾರೆನ್ ದ್ವೀಪದ ಒಂದೇ ಒಂದು. ಬೆಂಗಳೂರಿನ ಶಾಲೆಗಳಲ್ಲಿ ಮಾತ್ರ ವರ್ಷಕ್ಕೆ ನೂರಾರು ಉಕ್ಕುತ್ತವೆ.

ಅದರ ಬದಲು ನಿನ್ನ ಬೀದಿ ಮಾಡು ಪುಟ್ಟಿ. ಮಳೆ ಬಂದ ದಿನ ಕಿಟಕಿಯಿಂದ ನೋಡು: ನೀರು ಯಾವ ಕಡೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಚರಂಡಿಗೆ ಬೀಳುತ್ತದೆ. ಬಿಸಿಲಾದಾಗ ಅಪ್ಪ ಅಮ್ಮನ ಜೊತೆ ಆ ಚರಂಡಿ ಯಾವ ರಾಜಕಾಲುವೆ ಸೇರುತ್ತದೆ ನೋಡಿ ಬಾ. ಬೀದಿಯ ಹಳಬರಲ್ಲಿ ಒಬ್ಬರನ್ನು ಹಿಡಿದು, ಇಲ್ಲಿ ಮೊದಲು ಏನಿತ್ತು ಕೇಳು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆ ಆಗಿತ್ತು, ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆ. ನಿಮ್ಮ ಬೀದಿಯ ಹೆಸರಲ್ಲೇ ಕೆರೆಯೋ ಕಟ್ಟೆಯೋ ಇರಬಹುದು. ಥರ್ಮಾಕೋಲ್ ಬೇಡ, ಮಣ್ಣಲ್ಲೇ ಏರು ತಗ್ಗು ಮಾಡು, ಮೇಲಿನಿಂದ ಮಗ್‌ನಲ್ಲಿ ನೀರು ಬಿಡು. ತೀರ್ಪುಗಾರರು ಬಂದಾಗ ‘ಸಾರ್, ನಿಮ್ಮ ಮನೆ ಎಲ್ಲಿ?’ ಅಂತ ಕೇಳಿ ಆ ನೀರಿನಲ್ಲಿ ತೋರಿಸು. ಅಡುಗೆ ಸೋಡಾ ಅಮ್ಮನಿಗೆ ವಾಪಸ್ ಕೊಡು, ಇಡ್ಲಿಗಾದರೂ ಆಗುತ್ತದೆ.